ಒರಳಿನಂಥ ಎಂಜಿನ್, ಲೀಟರಿನ ಲೆಕ್ಕ

ಮೈಸೂರಿನಿಂದ ನಂಜನಗೂಡಿಗೆ ಹೋಗಿಬರಲು ಹತ್ತಿರ ಹತ್ತಿರ 46 ಕಿಲೋಮೀಟರ್. ಶನಿವಾರ ಸಂಜೆ ನಾಲ್ಕಕ್ಕೆ ಹೊರಟು ಭಾನುವಾರ ಸಂಜೆ ನಾಲ್ಕರೊಳಗೆ ಹೀಗೆ 107 ಸಲ ಹೋಗಿಬರಬೇಕು ಅಂದರೆ ಏನು ಗತಿ? ಒಂದು ಸಲಕ್ಕೆ ಹದಿಮೂರೂವರೆ ನಿಮಿಷವೂ ಸಿಗುವುದಿಲ್ಲ. ಪೆಟ್ರೋಲು ತುಂಬಿಸುವುದು, ಟೈರು ಬದಲಿಸುವುದು, ಒಬ್ಬ ಡ್ರೈವರ್ ಇಳಿದು ಇನ್ನೊಬ್ಬ ಹತ್ತುವುದು ಎಲ್ಲವೂ ಆ ಹದಿಮೂರೂವರೆ ನಿಮಿಷದ ಲೆಕ್ಕದಲ್ಲೇ ಬರಬೇಕು. 1991ರ ಜೂನ್ 22 ಮತ್ತು 23ರಂದು ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ ಜಪಾನಿನ ಕಾರೊಂದು ಇಷ್ಟು ದೂರವನ್ನು ಇಷ್ಟೇ ಹೊತ್ತಿನಲ್ಲಿ ಓಡಿತು. 24 ತಾಸು, 362 ಸುತ್ತು, ಸುಮಾರು 4,923 ಕಿಲೋಮೀಟರ್. ನಿಂತ ಹೊತ್ತನ್ನೂ ಸೇರಿಸಿ ಸರಾಸರಿ ವೇಗ ಗಂಟೆಗೆ ಸುಮಾರು 205 ಕಿಲೋಮೀಟರ್. ಕಾರಿನ ಹೆಸರು ಮಾಜ್ದಾ 787ಬಿ. ಮೈಗೆ ಕಣ್ಣು ಕುಕ್ಕುವ ಕಿತ್ತಳೆ ಮತ್ತು ಹಸಿರು ಬಣ್ಣ, ಮೂತಿಯ ಮೇಲೆ 55 ಎಂಬ ಅಂಕಿ. ಆ ಬಣ್ಣ ರೆನೌನ್ ಎಂಬ ಜಪಾನಿ ಬಟ್ಟೆ ಕಂಪನಿಯ ಪ್ರಾಯೋಜಕತ್ವದ ಗುರುತು.

ಲ ಮಾನ್ ಓಟದ ಹಾದಿ 13.6 ಕಿಲೋಮೀಟರಿನದು. ಅದರ ಬಹುಪಾಲು ವರ್ಷವಿಡೀ ಜನ ಓಡಾಡುವ ಸಾಮಾನ್ಯ ರಸ್ತೆ. ಊನೊಡಿಯೇರ್ ಎಂಬ ಸುಮಾರು 6 ಕಿಲೋಮೀಟರಿನ ನೇರ ದಾರಿ ಟೂರ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯದೇ ತುಂಡು. ಜೂನ್ ಬಂತೆಂದರೆ ಬೇಲಿ ಹಾಕಿ ಅದನ್ನು ಓಟಕ್ಕೆ ಬಿಟ್ಟುಕೊಡುತ್ತಾರೆ. ನಂಜನಗೂಡಿನಿಂದ ಸುತ್ತೂರಿನ ಮೇಲೆ ಟಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಎರಡು ದಿನ ಕಬ್ಬಿನ ಟ್ರ್ಯಾಕ್ಟರು, ಬಸ್ಸು, ದನಕರು ಯಾವುದನ್ನೂ ಬಿಡದೆ ನಿಲ್ಲಿಸಿದ್ದಾರೆ ಅಂದುಕೊಳ್ಳಿ, ಆಗ ಚಿತ್ರ ಸರಿಯಾಗುತ್ತದೆ. ನಮ್ಮವರೂ ಆ ರಸ್ತೆಯಲ್ಲಿ ಓಡಿಸಿದ್ದಾರೆ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಎಲ್‌ಎಂಪಿ2 ವರ್ಗದ ಕಾರಿನಲ್ಲಿ ಅಲ್ಲಿ ಸ್ಪರ್ಧಿಸಿದರು.

787ಬಿ ಕಾರನ್ನು ಇಂದಿನ ಹುಡುಗರು ಬಲ್ಲದ್ದು ಪುಸ್ತಕದಿಂದಲ್ಲ, ವಿಡಿಯೋ ಗೇಮಿನಿಂದ. ಗ್ರಾನ್ ಟುರಿಸ್ಮೊ ಸರಣಿಯಲ್ಲಿ, ಫೋರ್ಜಾ ಸರಣಿಯಲ್ಲಿ ಅದು ಸಿಗುತ್ತದೆ. ಅದರ ಕೂಗು ಕೇಳಿದವರು ಮರೆಯುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ: ಗೇಮು ಈ ಕಾರಿನ ಕೂಗನ್ನೂ ಮೈಮಾಟವನ್ನೂ ಉಳಿಸಿಕೊಂಡಿದೆ, ಅದನ್ನು ಗೆಲ್ಲಿಸಿದ ಲೆಕ್ಕದ ಪುಸ್ತಕವನ್ನು ಮಾತ್ರ ಕೈಬಿಟ್ಟಿದೆ. ಆ ಲೆಕ್ಕ ತಿಳಿಯಬೇಕಾದರೆ ಮೊದಲು ಎಂಜಿನ್ ಬಿಚ್ಚಬೇಕು.

ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಒಂದು ಕ್ಷಣ ಮೇಲ್ಗಡೆ ನಿಲ್ಲಬೇಕು, ದಿಕ್ಕು ಬದಲಿಸಬೇಕು, ಮತ್ತೆ ಕೆಳಗೆ ನಿಲ್ಲಬೇಕು. ನಿಮಿಷಕ್ಕೆ ಸಾವಿರಾರು ಸಲ ನಿಂತು ಹೊರಡುವ ಈ ಕೆಲಸದಲ್ಲಿ ಲೋಹಕ್ಕೆ ಬೀಳುವ ಏಟು ಸಣ್ಣದಲ್ಲ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಈ ನಿಲ್ಲುವ ಕಾಟವನ್ನೇ ತೆಗೆದುಹಾಕಲು ಹೊರಟ. ಅವನ ವಿನ್ಯಾಸದ ಮೊದಲ ಎಂಜಿನ್ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಓಡಿತು. ಅದರಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ.

ಇದ್ದದ್ದೇನು? ಅಡುಗೆಮನೆಯ ಒರಳನ್ನು ನೆನಪಿಸಿಕೊಳ್ಳಿ. ದೋಸೆಗೆ ರುಬ್ಬುವಾಗ ಗುಂಡುಕಲ್ಲು ಕುಳಿಯ ನಟ್ಟನಡುವೆ ನಿಂತು ಬುಗುರಿಯ ಹಾಗೆ ತಿರುಗುವುದಿಲ್ಲ. ತನ್ನ ಸುತ್ತ ತಾನು ಹೊರಳುತ್ತ, ಕುಳಿಯ ಗೋಡೆಗೆ ಒರಗಿಕೊಂಡೇ ಒಂದು ಸುತ್ತು ಹಾಕುತ್ತದೆ. ಅದರ ಮುಂದಿರುವ ಹಿಟ್ಟು ಹಿಸುಕಿಕೊಳ್ಳುತ್ತದೆ, ಹಿಂದೆ ಬಿಟ್ಟ ಜಾಗ ಸಡಿಲವಾಗುತ್ತದೆ. ಈಗ ಆ ಗುಂಡನ್ನು ಉಬ್ಬಿದ ಬದಿಗಳ ತ್ರಿಕೋನವನ್ನಾಗಿ ಮಾಡಿ. ಕುಳಿಯನ್ನು ಸೊಂಟದ ಬಳಿ ತುಸು ಒಳಗೆ ಹೋದ ಅಂಡಾಕಾರಕ್ಕೆ ತನ್ನಿ. ತ್ರಿಕೋನದ ಮೂರು ಮೂಲೆಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುವಂತೆ ಆ ಗೋಡೆಯ ಬಾಗು ಇರಬೇಕು. ಇದೇ ವಾಂಕೆಲ್ ಎಂಜಿನ್. ತ್ರಿಕೋನಕ್ಕೆ ರೋಟರ್ ಎನ್ನುತ್ತಾರೆ.

ರೋಟರಿನ ಮೂರು ಮುಖಗಳಿಗೂ ಗೋಡೆಗೂ ನಡುವೆ ಮೂರು ಕೋಣೆಗಳು ಏರ್ಪಡುತ್ತವೆ. ರೋಟರ್ ಹೊರಳಿದಂತೆ ಅವು ಹಿಗ್ಗುತ್ತ ಕುಗ್ಗುತ್ತ ಹೋಗುತ್ತವೆ. ಒಂದು ಕೋಣೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುತ್ತಿರುವಾಗ ಪಕ್ಕದ್ದು ಅದನ್ನು ಅದುಮುತ್ತಿರುತ್ತದೆ, ಇನ್ನೊಂದು ಉರಿಯ ಒತ್ತಡಕ್ಕೆ ಹಿಗ್ಗುತ್ತಿರುತ್ತದೆ. ಒಳದಾರಿ ಮತ್ತು ಹೊರದಾರಿಯ ತೂತುಗಳನ್ನು ರೋಟರೇ ಮುಚ್ಚುತ್ತದೆ, ರೋಟರೇ ತೆರೆಯುತ್ತದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಅದರ ನಡುವಿನ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಸ್ಫೋಟ. 787ಬಿಯ ಎಂಜಿನ್ ಆರ್26ಬಿ. ಅದರಲ್ಲಿ ಇಂಥ ರೋಟರುಗಳು ಸಾಲಾಗಿ ನಾಲ್ಕು, ಒಂದೊಂದರ ಕೋಣೆಯ ಗಾತ್ರ 654 ಸಿಸಿ, ಒಟ್ಟು 2,616 ಸಿಸಿ. ನಿಮಿಷಕ್ಕೆ 9,000 ಸುತ್ತಿನಲ್ಲಿ ಅದು ಕೊಡುತ್ತಿದ್ದದ್ದು ಸುಮಾರು 700 ಅಶ್ವಶಕ್ತಿ.

ಮೈಸೂರು ಸೀಮೆಯ ಕಿವಿಗೆ ವಾಲ್ವಿಲ್ಲದ ಎಂಜಿನ್ ಹೊಸದಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಅಲ್ಲಿಯೂ ತೂತು ಮುಚ್ಚಿ ತೆರೆಯುವ ಕೆಲಸ ಪಿಸ್ಟನ್ನಿನದೇ. ನಂಜನಗೂಡಿನ ರಸ್ತೆಯಲ್ಲಿ ಕಡಕೊಳದ ಹತ್ತಿರ ಟಿವಿಎಸ್ ಕಾರ್ಖಾನೆ ಕಾಣುತ್ತದಲ್ಲ, ಆ ಕಂಪನಿ 2001ರವರೆಗೆ ಜಪಾನಿನ ಸುಜುಕಿಯ ಪಾಲುದಾರ. ಇಬ್ಬರೂ ಸೇರಿ ತಂದ ಸಮುರಾಯ್, ಶೋಗನ್ ಬೈಕುಗಳೂ ಟೂ ಸ್ಟ್ರೋಕೇ. ಅದೇ ಸುಜುಕಿ 1974ರಲ್ಲಿ ಆರ್‌ಇ5 ಎಂಬ ವಾಂಕೆಲ್ ಎಂಜಿನ್ನಿನ ಮೋಟಾರ್‌ಸೈಕಲನ್ನೇ ಮಾರುಕಟ್ಟೆಗೆ ಬಿಟ್ಟು, ಎರಡು ಮೂರು ವರ್ಷದಲ್ಲಿ ಕೈಸುಟ್ಟುಕೊಂಡು ಸುಮ್ಮನಾಗಿತ್ತು.

ಸುಮ್ಮನಾದವರು ಅವರೊಬ್ಬರೇ ಅಲ್ಲ. ಈ ಎಂಜಿನ್ನಿನ ಪ್ರಾಣ ಇರುವುದು ರೋಟರಿನ ಮೂಲೆಯಲ್ಲಿ ಕೂರಿಸಿದ ಒಂದು ಪಟ್ಟಿಯಲ್ಲಿ. ಉದ್ದ 80 ಮಿಲಿಮೀಟರ್, ದಪ್ಪ ಎರಡು ಮೂರು ಮಿಲಿಮೀಟರ್. ಅಂಗೈಯಲ್ಲಿಟ್ಟುಕೊಂಡರೆ ಕಿರುಬೆರಳಿಗಿಂತ ತುಸು ಉದ್ದ. ಹಿಂದೆ ಒಂದು ತೆಳು ಸ್ಪ್ರಿಂಗು ಅದನ್ನು ಗೋಡೆಗೆ ಒತ್ತಿ ಹಿಡಿದಿರುತ್ತದೆ. ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ನುಗ್ಗದಂತೆ ತಡೆಯುವುದು ಈ ಪಟ್ಟಿಯೇ. ಗೋಡೆಯ ಮೇಲೆ ಅದು ಸರಾಗವಾಗಿ ಜಾರದೆ ಅದುರಿದರೆ ಲೋಹದ ಮೇಲೆ ಸಾಲು ಸಾಲು ಬರೆ. ಹಿರೋಷಿಮಾದ ಮಾಜ್ದಾ ಎಂಜಿನಿಯರುಗಳು ಈ ಬರೆಗಳಿಗೆ ದೆವ್ವದ ಉಗುರಿನ ಗೀರು ಎಂದು ಹೆಸರಿಟ್ಟಿದ್ದರು. ಕೆನಿಚಿ ಯಮಾಮೊಟೊ ನೇತೃತ್ವದಲ್ಲಿ 47 ಮಂದಿ ಕೂತು, ಅಲ್ಯೂಮಿನಿಯಂ ಬೆರೆಸಿದ ಇಂಗಾಲದ ಪಟ್ಟಿಯಿಂದ ಆ ಗೀರನ್ನು ಹೋಗಲಾಡಿಸಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ರಸ್ತೆಗಿಳಿಸಿದರು. 787ಬಿಯ ಹೊತ್ತಿಗೆ ಆ ಪಟ್ಟಿ ಸೆರಾಮಿಕ್ಕಿನದಾಗಿತ್ತು.

ಇನ್ನೊಂದು ರೋಗ ಹೊಟ್ಟೆಬಾಕತನ. ರೋಟರಿನ ಉರಿಯುವ ಕೋಣೆ ಉದ್ದವಾಗಿ, ತೆಳ್ಳಗೆ, ಓಡುತ್ತಲೇ ಇರುತ್ತದೆ. ಒಂದು ಕೊನೆಯಲ್ಲಿ ಕಿಡಿ ಹಚ್ಚಿದರೆ ಬೆಂಕಿ ಇನ್ನೊಂದು ಕೊನೆ ಮುಟ್ಟುವಷ್ಟರಲ್ಲಿ ಹೊರದಾರಿ ತೆರೆದುಕೊಂಡು, ಅರೆಬೆಂದ ಪೆಟ್ರೋಲು ಸೈಲೆನ್ಸರಿನ ಪಾಲು. ಮಾಜ್ದಾದವರು ಒಂದು ರೋಟರಿಗೆ ಮೂರು ಸ್ಪಾರ್ಕ್ ಪ್ಲಗ್ ಇಟ್ಟರು. ಗಾಳಿ ಒಳಬರುವ ಕೊಳವೆಗಳನ್ನು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಉದ್ದ ಗಿಡ್ಡ ಆಗುವಂತೆ ಮಾಡಿದರು. ಗಾಳಿಗೂ ಕೊಳವೆಯಲ್ಲಿ ಒಂದು ಲಯವಿದೆ. ಕೊಳವೆಯ ಉದ್ದ ಆ ಲಯಕ್ಕೆ ಹೊಂದಿದರೆ ಪಂಪಿನ ಹಂಗಿಲ್ಲದೆ ಹೆಚ್ಚು ಗಾಳಿ ಒಳಗೆ ನುಗ್ಗುತ್ತದೆ. ಇದರಿಂದ ಕಡಿಮೆ ವೇಗದಲ್ಲೂ ಎಂಜಿನ್ ಎಳೆಯುವ ಶಕ್ತಿ ಪಡೆಯಿತು, ಡ್ರೈವರ್ ಗೇರನ್ನು ಬೇಗ ಬದಲಿಸಿ ಪೆಟ್ರೋಲು ಉಳಿಸುವಂತಾಯಿತು.

ಪೆಟ್ರೋಲು ಉಳಿಸುವುದೇಕೆ, ಇದು ರೇಸ್ ಅಲ್ಲವೇ? 1982ರಲ್ಲಿ ಶುರುವಾದ ಗ್ರೂಪ್ ಸಿ ಎಂಬ ಆ ವರ್ಗದ ನಿಯಮವೇ ಹಾಗಿತ್ತು. ನನ್ನ ಪ್ರಕಾರ ಮೋಟಾರ್ ಓಟಕ್ಕೆ ಅದಕ್ಕಿಂತ ಜಾಣ ನಿಯಮವನ್ನು ಯಾರೂ ಬರೆದಿಲ್ಲ. ಎಂಜಿನ್ ಎಷ್ಟು ದೊಡ್ಡದಾದರೂ ಇರಲಿ, ಟರ್ಬೊ ಇರಲಿ ಬಿಡಲಿ, ಸಿಗುವ ಪೆಟ್ರೋಲು ಮಾತ್ರ ಇಷ್ಟೇ. ಲ ಮಾನ್‌ನ 24 ತಾಸಿಗೆ 2,550 ಲೀಟರ್. ಗೆದ್ದ ದೂರಕ್ಕೆ ಭಾಗಿಸಿದರೆ ಲೀಟರಿಗೆ ಎರಡು ಕಿಲೋಮೀಟರೂ ಬರುವುದಿಲ್ಲ. ನಮ್ಮ ಕಣ್ಣಿಗೆ ದುಂದು, ಆ ಕಾರುಗಳಿಗೆ ಉಪವಾಸ. ಬಲ ಇದ್ದರೂ ಬಳಸಲಾಗದೆ, ತಿರುವು ಬರುವ ಮೊದಲೇ ಕಾಲು ತೆಗೆದು ತೇಲಿಸುತ್ತ ಓಡಿಸಬೇಕಿತ್ತು.

ಇಲ್ಲಿ ತೂಕದ ಮಾತು ಬರುತ್ತದೆ. ಆ ವರ್ಷ ಜಾಗ್ವಾರ್ ಮತ್ತು ಮರ್ಸಿಡಿಸ್ ಕಾರುಗಳು ಕನಿಷ್ಠ 1,000 ಕಿಲೋ ತೂಗಬೇಕಿತ್ತು. ಮಾಜ್ದಾ ತಂಡದ ಮುಖ್ಯಸ್ಥ ತಕಯೋಷಿ ಓಹಾಶಿ ಅಧಿಕಾರಿಗಳ ಬಳಿ ವಾದಿಸಿ ತಮ್ಮ ಕಾರಿಗೆ 830 ಕಿಲೋ ಮಾಡಿಸಿಕೊಂಡಿದ್ದರು. ಮಾಜ್ದಾವನ್ನು ಯಾರೂ ದೊಡ್ಡ ಎದುರಾಳಿ ಎಂದುಕೊಂಡಿರಲಿಲ್ಲವಾದ್ದರಿಂದ ಹೆಚ್ಚು ಗಲಾಟೆಯಾಗಲಿಲ್ಲ. ಆ 170 ಕಿಲೋದ ಬೆಲೆ ಎಷ್ಟು ಗೊತ್ತೇ? ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ 1,000 ಕಿಲೋ ಕಾರಿನ ಚಲನಶಕ್ತಿ ಸುಮಾರು 39.5 ಲಕ್ಷ ಜೂಲ್, 830 ಕಿಲೋದ್ದು ಸುಮಾರು 33 ಲಕ್ಷ. ಬ್ರೇಕ್ ಒತ್ತಿದಾಗ ಈ ಶಕ್ತಿಯ ಬಹುಪಾಲು ಡಿಸ್ಕಿನಲ್ಲಿ ಶಾಖವಾಗಿ ಹಾರಿಹೋಗುತ್ತದೆ. ಮತ್ತೆ ಆ ವೇಗಕ್ಕೆ ಏರಲು ಅಷ್ಟನ್ನೂ ಪೆಟ್ರೋಲಿನಿಂದಲೇ ತುಂಬಬೇಕು. 362 ಸುತ್ತು, ಪ್ರತಿ ಸುತ್ತಿನಲ್ಲೂ ಹಲವು ಸಲ ಬ್ರೇಕ್. ಹಗುರವಾದ ಕಾರು ಟೈರನ್ನೂ ಬ್ರೇಕನ್ನೂ ಕಡಿಮೆ ಸವೆಸುತ್ತದೆ, ಗ್ಯಾರೇಜಿನ ಮುಂದೆ ನಿಲ್ಲುವ ಹೊತ್ತೂ ಉಳಿಯುತ್ತದೆ. ಎದುರಾಳಿಗಳು ಲೀಟರು ಎಣಿಸುತ್ತಿದ್ದಾಗ ಮಾಜ್ದಾದ ಡ್ರೈವರುಗಳು ಕಾಲು ಒತ್ತಬಹುದಿತ್ತು.

55ನೇ ಕಾರು ಹೊರಟದ್ದು 19ನೇ ಜಾಗದಿಂದ. ಜರ್ಮನಿಯ ಫೋಲ್ಕರ್ ವೈಡ್ಲರ್, ಬ್ರಿಟನ್ನಿನ ಜಾನಿ ಹರ್ಬರ್ಟ್, ಲಕ್ಸೆಂಬರ್ಗಿನಲ್ಲಿ ಹುಟ್ಟಿದ ಬರ್ಟ್ರಾಂಡ್ ಗಾಶೊ ಸರದಿಯಂತೆ ಓಡಿಸಿದರು. ಬೆಳಗಾಗುವಷ್ಟರಲ್ಲಿ ಅದು ಮುಂದಿನ ಸಾಲಿಗೆ ಬಂದಿತ್ತು. ಹಲವು ಸುತ್ತು ಮುಂದಿದ್ದ ಮರ್ಸಿಡಿಸ್ ಭಾನುವಾರ ಮಧ್ಯಾಹ್ನ, ಇನ್ನು ಮೂರು ತಾಸು ಇದೆ ಎನ್ನುವಾಗ, ಎಂಜಿನ್ ಕಾದು ಗ್ಯಾರೇಜು ಸೇರಿತು. ಎರಡು, ಮೂರು, ನಾಲ್ಕನೇ ಜಾಗಗಳಲ್ಲಿ ಮೂರು ಜಾಗ್ವಾರ್‌ಗಳು. ಕೊನೆಯ ಸರದಿಯನ್ನು ಬಿಡುವಿಲ್ಲದೆ ಓಡಿಸಿದ ಹರ್ಬರ್ಟ್ ಕಾರಿನಿಂದಿಳಿದವರೇ ಮೈಯಲ್ಲಿ ನೀರಿನಂಶ ಬತ್ತಿ ಕುಸಿದರು. ಗೆದ್ದವರ ಕಟ್ಟೆ ಹತ್ತಲು ಅವರಿಂದಾಗಲಿಲ್ಲ. ಜಪಾನಿನ ಕಾರೊಂದು ಲ ಮಾನ್ ಗೆದ್ದದ್ದು ಅದೇ ಮೊದಲು. ಎರಡನೆಯದಕ್ಕೆ ಟೊಯೋಟಾ 2018ರವರೆಗೆ ಕಾಯಬೇಕಾಯಿತು. ಪಿಸ್ಟನ್ ಇಲ್ಲದ ಎಂಜಿನ್ ಅಲ್ಲಿ ಗೆದ್ದದ್ದು ಅದೊಂದೇ ಸಲ.

ಈಗ ಗೇಮಿಗೆ ಬರೋಣ. ನಂಜನಗೂಡಿನ ಒಂದು ಮನೆಯ ನಡುಮನೆಯಲ್ಲಿ ಹುಡುಗನೊಬ್ಬ ಈ ಕಾರನ್ನು ಓಡಿಸುವುದನ್ನು ನೋಡುತ್ತ ಕೂತಿದ್ದೆ. ಕಂಟ್ರೋಲರಿನ ಎಡಗುಬ್ಬಿಯ ರಬ್ಬರು ಸವೆದು ಒಳಗಿನ ಪ್ಲಾಸ್ಟಿಕ್ ಕಾಣುತ್ತಿತ್ತು. ಹುಡುಗ ತಿರುವಿಗೆ ಬರುವ ಮೊದಲು ಬ್ರೇಕಿನ ಗುಂಡಿಯನ್ನು ಪೂರ್ತಿ ಒತ್ತುವುದಿಲ್ಲ, ತೋರುಬೆರಳಿನಿಂದ ಅರ್ಧ ಒತ್ತಿ, ಗುಬ್ಬಿ ತಿರುಗಿಸುತ್ತ ನಿಧಾನಕ್ಕೆ ಬಿಡುತ್ತಾನೆ. ನಿಜವಾದ ಡ್ರೈವರುಗಳು ಮಾಡುವುದೂ ಇದನ್ನೇ. ಯಾರು ಕಲಿಸಿದರು ಎಂದರೆ ನಕ್ಕ. ಆಮೇಲೆ ತಾನೇ ಹೇಳಿದ: “ಇದು ಗೆದ್ಬುಡ್ತು ಅಂತ ಬ್ಯಾನ್ ಮಾಡ್ಬುಟ್ರು ಸಾ.”

ಲೋಕವೆಲ್ಲ ಹಬ್ಬಿರುವ ಕಥೆ ಅದು, ಕೇಳಲು ಚೆನ್ನಾಗಿಯೂ ಇದೆ. ಆದರೆ ಸುಳ್ಳು. 3.5 ಲೀಟರಿನ ಪಿಸ್ಟನ್ ಎಂಜಿನ್ನುಗಳಿಗೆ ಮಾತ್ರ ಅವಕಾಶ ಎಂಬ ಹೊಸ ನಿಯಮ ಆ ಓಟಕ್ಕೂ ಮುಂಚೆಯೇ ತೀರ್ಮಾನವಾಗಿತ್ತು. 1991 ತಮಗೆ ಕೊನೆಯ ಅವಕಾಶ ಎಂದು ಗೊತ್ತಿದ್ದೇ ಮಾಜ್ದಾ ಹೊರಟಿತ್ತು. ಕೊನೆಯ ಬಸ್ಸು ಹಿಡಿದವರನ್ನು ಬಸ್ಸಿನಿಂದ ಇಳಿಸಿದರು ಎನ್ನುವುದು ನ್ಯಾಯವಲ್ಲ. ಆ ಹೊಸ ನಿಯಮ ಮಾತ್ರ ಓಟವನ್ನೇ ಹಾಳುಮಾಡಿತು, ದುಬಾರಿ ಎಂಜಿನ್ನುಗಳಿಗೆ ಹಣ ಸುರಿಯಲಾಗದೆ ತಂಡಗಳು ಕಾಲ್ತೆಗೆದವು, ಆ ವಿಶ್ವ ಸರಣಿಯೇ 1992ರ ನಂತರ ನಿಂತುಹೋಯಿತು. ಅದು ಬೇರೆ ಕಥೆ.

ಗೇಮಿನೊಳಗೆ ಕಾರು ಅಂದರೆ ಅಂಕಿಗಳ ಒಂದು ಪಟ್ಟಿ. ತೂಕ 830. ಎಷ್ಟು ವೇಗದಲ್ಲಿ ಎಂಜಿನ್ ಎಷ್ಟು ತಿರುಚುಬಲ ಕೊಡುತ್ತದೆ ಎಂಬ ಕೋಷ್ಟಕ. ಗೇರಿನ ಅನುಪಾತಗಳು. ಗಾಳಿ ಎಷ್ಟು ತಡೆಯುತ್ತದೆ, ಎಷ್ಟು ಕೆಳಕ್ಕೆ ಒತ್ತುತ್ತದೆ ಎಂಬ ಗುಣಾಂಕಗಳು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಟಿವಿಯ ಮೇಲೆ ಸೆಕೆಂಡಿಗೆ 60 ಚಿತ್ರ ಬರುತ್ತವೆ ಅಂದುಕೊಳ್ಳಿ. ಗಂಟೆಗೆ 300 ಕಿಲೋಮೀಟರಿನಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕಾರು ಸುಮಾರು 1.4 ಮೀಟರ್ ಓಡಿರುತ್ತದೆ. ಆ 1.4 ಮೀಟರಿನೊಳಗೆ ಟೈರು ಜಾರಿ ಮತ್ತೆ ಹಿಡಿತ ಪಡೆದಿರಬಹುದು. ಹಾಗಾಗಿ ಚಲನೆಯ ಲೆಕ್ಕವನ್ನು ಚಿತ್ರಕ್ಕಿಂತ ಎಷ್ಟೋ ಬೇಗ ಬೇಗ ಮಾಡುತ್ತಿರಬೇಕು.

ಎಲ್ಲಕ್ಕಿಂತ ಕಷ್ಟದ ಲೆಕ್ಕ ಟೈರಿನದು. ಚಕ್ರ ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಉರುಳುವ ದಿಕ್ಕಿಗೂ ನಡುವೆ ಸಣ್ಣ ಕೋನ ಇದ್ದಾಗಲೇ ಟೈರು ಪಕ್ಕಕ್ಕೆ ಎಳೆಯುವುದು. ಕೋನ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ, ಒಂದು ಹಂತ ದಾಟಿದರೆ ಇಳಿಯುತ್ತದೆ. ಈ ಏರಿಳಿತವನ್ನು ಒಂದೇ ಸೂತ್ರದಲ್ಲಿ ಹಿಡಿದಿಟ್ಟವರು ನೆದರ್ಲೆಂಡ್ಸಿನ ಹಾನ್ಸ್ ಪಸೇಕಾ. ರಬ್ಬರಿನ ಒಳಗುಟ್ಟನ್ನೇನೂ ಹೇಳದೆ ಅಳತೆಗೆ ಮಾತ್ರ ಸರಿಹೊಂದುವ ಆ ಸೂತ್ರಕ್ಕೆ ಎಂಜಿನಿಯರುಗಳು ಮಾಂತ್ರಿಕ ಸೂತ್ರ ಎಂದೇ ಹೆಸರಿಟ್ಟರು. ನಂಜನಗೂಡಿನ ಹುಡುಗನ ತೋರುಬೆರಳು ಹುಡುಕುತ್ತಿದ್ದದ್ದು ಆ ವಕ್ರರೇಖೆಯ ನೆತ್ತಿಯನ್ನು. ಈ ಲೆಕ್ಕವೆಲ್ಲ ನಡೆಯುವುದು ಡಬ್ಬಿಯೊಳಗಿನ ಒಂದು ಸರ್ಕ್ಯೂಟ್ ಬೋರ್ಡಿನ ಮೇಲೆ. ಅಂಥ ಬೋರ್ಡುಗಳನ್ನು ಮಾಡುವ ಕಸುಬು ಅವನ ಊರಿಗೆ ಹೊಸದೇನಲ್ಲ, ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಕಾರ್ಖಾನೆಯೇ ಇದೆ.

ಇನ್ನು ಆ ಕೂಗು. ನಾಲ್ಕು ರೋಟರು, ಶಾಫ್ಟಿನ ಒಂದು ಸುತ್ತಿಗೆ ನಾಲ್ಕು ಸ್ಫೋಟ, ನಿಮಿಷಕ್ಕೆ 9,000 ಸುತ್ತು. ಅಲ್ಲಿಗೆ ಸೆಕೆಂಡಿಗೆ 600 ಸ್ಫೋಟ. ಎಂಟು ಸಿಲಿಂಡರಿನ ಮಾಮೂಲಿ ಎಂಜಿನ್ ಅದೇ ವೇಗದಲ್ಲಿ ತಿರುಗಿದರೂ ಸೆಕೆಂಡಿಗೆ 600 ಸ್ಫೋಟವೇ. ಹಾಗಾದರೆ ದನಿ ಏಕೆ ಬೇರೆ? ವಾಲ್ವು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ, ಹೊಗೆಗೆ ದಾರಿ ಹಂತಹಂತವಾಗಿ ಸಿಗುತ್ತದೆ. ರೋಟರಿನ ಮೂಲೆ ತೂತನ್ನು ದಾಟಿತೆಂದರೆ ದಾರಿ ಒಮ್ಮೆಲೇ ತೆರೆದುಕೊಳ್ಳುತ್ತದೆ, ಇನ್ನೂ ಒತ್ತಡದಲ್ಲಿರುವ ಅನಿಲ ಚಾಟಿಯೇಟಿನಂತೆ ಹೊರಬೀಳುತ್ತದೆ. ಮೂಲ ಸ್ವರ ಅದೇ, ಅದರ ಮೇಲೆ ಕೂತ ಉಪಸ್ವರಗಳು ಹೆಚ್ಚು ಮತ್ತು ಹರಿತ. ಗೇಮು ಮಾಡುವವರು ಎಂಜಿನ್ನಿನ ದನಿಯನ್ನು ಬೇರೆಬೇರೆ ವೇಗಗಳಲ್ಲಿ ಮುದ್ರಿಸಿಕೊಂಡು, ನೀವು ಗುಂಡಿ ಒತ್ತಿದಂತೆ ಒಂದರಿಂದ ಇನ್ನೊಂದಕ್ಕೆ ಬೆಸೆಯುತ್ತಾರೆ. ಹಳೆಯ ಗ್ರಾನ್ ಟುರಿಸ್ಮೊಗಳಲ್ಲಿ ಈ ಬೆಸುಗೆ ಚೆನ್ನಾಗಿರಲಿಲ್ಲ. ಈಗ ಬಹಳ ಸುಧಾರಿಸಿದೆ.

ಕಝುನೊರಿ ಯಮಾವುಚಿ ರೂಪಿಸಿದ ಗ್ರಾನ್ ಟುರಿಸ್ಮೊ ಮೊದಲು ಬಂದದ್ದು 1997ರಲ್ಲಿ. 2004ರ ನಾಲ್ಕನೇ ಆವೃತ್ತಿಯಲ್ಲಿ 787ಬಿಯೂ ಇತ್ತು, ಲ ಮಾನ್ ಹಾದಿಯೂ ಇತ್ತು, ನಿಜವಾಗಿ 24 ತಾಸು ನಡೆಯುವ ಓಟವೂ ಇತ್ತು. ಈ ಗೇಮನ್ನು ಆಟಿಕೆ ಎಂದು ತಳ್ಳಿಹಾಕುವವರು ಲೂಕಸ್ ಒರ್ದೊನೆಜ್ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ನಿಸಾನ್ ಮತ್ತು ಪ್ಲೇಸ್ಟೇಷನ್ ಸೇರಿ 2008ರಲ್ಲಿ ನಡೆಸಿದ ಗೇಮು ಸ್ಪರ್ಧೆಯನ್ನು ಗೆದ್ದ ಈ ಸ್ಪೇನಿನ ವಿದ್ಯಾರ್ಥಿ 2011ರಲ್ಲಿ ನಿಜವಾದ ಲ ಮಾನ್‌ನಲ್ಲಿ ಓಡಿಸಿ ಎಲ್‌ಎಂಪಿ2 ವರ್ಗದಲ್ಲಿ ಎರಡನೆಯವನಾದ. ಟೈರಿನ ಲೆಕ್ಕ ಸುಳ್ಳಾಗಿದ್ದರೆ ಇದು ಆಗುತ್ತಿರಲಿಲ್ಲ.

ಆದರೂ ನನ್ನ ತಕರಾರು ಹಾಗೇ ಇದೆ. ಗೇಮಿನ ಸಾಮಾನ್ಯ ಓಟ ಐದು ಹತ್ತು ನಿಮಿಷದ್ದು. ಅಲ್ಲಿ ಹಗುರ ಕಾರು ಜೋರಾಗಿ ಓಡುತ್ತದೆ ಎಂಬುದಷ್ಟೇ ಕಾಣುತ್ತದೆ, ಆ ಹಗುರತನ ಇಪ್ಪತ್ತನಾಲ್ಕು ತಾಸಿನಲ್ಲಿ ಉಳಿಸಿದ ಪೆಟ್ರೋಲು ಕಾಣುವುದಿಲ್ಲ. ಉದ್ದದ ಓಟ ಇಟ್ಟುಕೊಂಡರೂ ಟ್ಯಾಂಕನ್ನು ಎಷ್ಟು ಸಲ ಬೇಕಾದರೂ ತುಂಬಿಸಬಹುದು, ಹೋಗುವುದು ಕೆಲವು ಸೆಕೆಂಡು ಮಾತ್ರ. 2,550 ಲೀಟರಿನ ಬೇಲಿ ಇಲ್ಲದ 787ಬಿ ಒಂದು ಒಳ್ಳೆಯ ದನಿಯ ವೇಗದ ಕಾರು ಅಷ್ಟೇ.

ಬೇಲಿಯನ್ನು ನೀವೇ ಹಾಕಿಕೊಳ್ಳಬಹುದು. ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ನಿಮ್ಮ ಮನೆಯ ಹುಡುಗರು ಗ್ರಾನ್ ಟುರಿಸ್ಮೊ 7 ಆಡುವವರಾದರೆ, ಸ್ವಂತ ಓಟ ರೂಪಿಸುವ ಜಾಗಕ್ಕೆ ಹೋಗಿ ಇಂಧನದ ಬಳಕೆ ಮತ್ತು ಟೈರಿನ ಸವೆತ ಎರಡನ್ನೂ ಚಾಲೂ ಮಾಡಿಸಿ. ಲ ಮಾನ್ ಹಾದಿಯಲ್ಲಿ 787ಬಿಗೆ ಒಂದು ತಾಸಿನ ಓಟ ಇಡಿ. 2,550ನ್ನು 24ರಿಂದ ಭಾಗಿಸಿದರೆ ತಾಸಿಗೆ 106 ಲೀಟರ್ ಬರುತ್ತದೆ. ಅದಕ್ಕಿಂತ ಒಂದು ಹನಿಯೂ ಹೆಚ್ಚು ತುಂಬಿಸಬಾರದು, ತುಂಬಿಸಿದರೆ ಸೋತಂತೆ ಎಂದು ಮೊದಲೇ ಮಾತಾಡಿಕೊಳ್ಳಿ. ಎಷ್ಟು ದೂರ ಹೋದರೆಂದು ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಅದೇ ನಿಯಮದಲ್ಲಿ ಭಾರದ ಇನ್ನೊಂದು ಕಾರನ್ನು ಓಡಿಸಿ, ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.